ಹ್ಯೂಸ್ಟನ್‌ಗೆ ನೀರು ನುಗ್ಗಿದಾಗ ಇಲ್ಲಿ ಕೂತವರು ಸುದ್ದಿ ನೋಡುವುದು ಹೇಗೆ?

ಜೂನ್ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಮಗಳು ಹ್ಯೂಸ್ಟನ್‌ನಲ್ಲಿದ್ದಾಳೆ. ಹರಿಕೇನ್ ಬರ್ತಿದೆ ಅಂತ ಟಿವಿಯಲ್ಲಿ ಹೇಳ್ತಿದ್ದಾರೆ. ಫೋನ್ ಮಾಡಿದ್ರೆ ಎತ್ತುತ್ತಿಲ್ಲ. ಸರಿಯಾದ ಸುದ್ದಿ ಎಲ್ಲಿ ಸಿಗುತ್ತೆ?’ ಕೇಳುವವರಲ್ಲಿ ಹೆಚ್ಚಿನವರು ಅಪ್ಪ ಅಮ್ಮಂದಿರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹ್ಯೂಸ್ಟನ್ ಇರುವುದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ. ಹರಿಕೇನ್ ಅಂದರೆ ಆ ಕಡೆಯ ಬಲವಾದ ಚಂಡಮಾರುತ. ನನ್ನ ತಮ್ಮ ಆ ಊರಿನ ಪಶ್ಚಿಮ ಭಾಗದಲ್ಲಿದ್ದಾನೆ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ನಾವು ಮೈಸೂರಿನಲ್ಲಿ ಎರಡು ರಾತ್ರಿ ಟಿವಿ ಮುಂದೆ ಕೂತಿದ್ದೆವು. ಕಂಡದ್ದೆಲ್ಲ ಬೇರೆ ಬಡಾವಣೆಗಳ ನೀರು. ಅವನ ಬೀದಿಯ ವಿಷಯ ಮಾತ್ರ ತಿಳಿಯಲಿಲ್ಲ. ಅವನ ಬೀದಿಯ ಪಕ್ಕದ ಹಳ್ಳದ ಮಟ್ಟ ಇಂಟರ್ನೆಟ್‌ನಲ್ಲೇ ಇತ್ತು. ನೋಡಲು ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಹ್ಯೂಸ್ಟನ್ ಸಣ್ಣ ಊರಲ್ಲ. ನಗರದ ವಿಸ್ತೀರ್ಣವೇ ಸುಮಾರು 1,700 ಚದರ ಕಿಲೋಮೀಟರ್. ಬೆಂಗಳೂರು ನಗರ ಪಾಲಿಕೆಯ ಹಳೆಯ ಎಲ್ಲೆಯ ಎರಡು ಪಟ್ಟಿಗೂ ಜಾಸ್ತಿ. ನಮ್ಮವರು ಹೆಚ್ಚಾಗಿ ಇರುವ ಕೇಟಿ, ಶುಗರ್‌ಲ್ಯಾಂಡ್, ಪಿಯರ್‌ಲ್ಯಾಂಡ್‌ಗಳು ಆ ನಗರದ ಆಚೆ ಇವೆ. ಹಾಗಾಗಿ ‘ಹ್ಯೂಸ್ಟನ್ ಮುಳುಗಿದೆ’ ಅನ್ನುವ ಸುದ್ದಿ ನಿಜವಿದ್ದರೂ ನಿಮಗೆ ಬೇಕಾದ ಸುದ್ದಿ ಅದಲ್ಲ. ಮಕ್ಕಳಿರುವ ಬೀದಿಯ ಹತ್ತಿರದ ಹಳ್ಳದಲ್ಲಿ ಈಗ ನೀರು ಎಷ್ಟಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ? ಇಷ್ಟು ಗೊತ್ತಾದರೆ ಸಾಕು. ಕೆಳಗಿನ ಹಂತಗಳೆಲ್ಲ ಅಲ್ಲಿಗೆ ತಲುಪುವ ದಾರಿ.

1. ಮೊದಲು ವಿಳಾಸ ಬರೆದಿಟ್ಟುಕೊಳ್ಳಿ

ಇದನ್ನು ಮೇ ತಿಂಗಳಲ್ಲೇ ಮಾಡಿ. ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಒಂದು ಕಾಗದದಲ್ಲಿ ಇವಿಷ್ಟು ಇರಲಿ: ಪೂರ್ತಿ ವಿಳಾಸ ಮತ್ತು ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ), ಅಪಾರ್ಟ್‌ಮೆಂಟ್ ಆದರೆ ಅದರ ಹೆಸರು ಮತ್ತು ಎಷ್ಟನೇ ಮಹಡಿ, ಯಾವ ಕೌಂಟಿ, ಹತ್ತಿರದ ಬಯೂ ಯಾವುದು, ಅಲ್ಲೇ ಇರುವ ಇಬ್ಬರು ಸ್ನೇಹಿತರ ನಂಬರ್.

ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಹ್ಯೂಸ್ಟನ್ ಬಹುಪಾಲು ಹ್ಯಾರಿಸ್ ಕೌಂಟಿಯಲ್ಲಿದೆ. ಶುಗರ್‌ಲ್ಯಾಂಡ್ ಫೋರ್ಟ್ ಬೆಂಡ್ ಕೌಂಟಿಗೆ ಸೇರುತ್ತದೆ. ಪಿಯರ್‌ಲ್ಯಾಂಡ್ ಹೆಚ್ಚಿನಂಶ ಬ್ರಜೋರಿಯಾ ಕೌಂಟಿ. ಅಧಿಕೃತ ಎಚ್ಚರಿಕೆಗಳಲ್ಲಿ ಕೌಂಟಿಯ ಹೆಸರೇ ಬರುವುದರಿಂದ ಇದು ಗೊತ್ತಿರಲೇಬೇಕು.

ಬಯೂ ಅಂದರೆ ನಿಧಾನವಾಗಿ ಹರಿಯುವ ದೊಡ್ಡ ಹಳ್ಳ. ಬೆಂಗಳೂರಿನವರು ರಾಜಕಾಲುವೆ ಅಂದುಕೊಳ್ಳಿ. ಊರಿನ ಮಳೆನೀರೆಲ್ಲ ಇವುಗಳಲ್ಲೇ ಹರಿದು ಸಮುದ್ರದ ಕಡೆ ಹೋಗಬೇಕು. ನೆಲ ತಟ್ಟೆಯ ಹಾಗೆ ಸಮತಟ್ಟು, ಹಾಗಾಗಿ ನೀರು ಬೇಗ ಇಳಿಯುವುದಿಲ್ಲ. ಬಫಲೋ, ಬ್ರೇಸ್, ವೈಟ್ ಓಕ್, ಗ್ರೀನ್ಸ್, ಸಿಮ್ಸ್ ಇವು ದೊಡ್ಡ ಬಯೂಗಳು. ಹ್ಯಾರಿಸ್ ಕೌಂಟಿ ಒಂದರಲ್ಲೇ ಇಂಥ ಇಪ್ಪತ್ತಕ್ಕೂ ಹೆಚ್ಚು ಜಲಾನಯನ ಪ್ರದೇಶಗಳಿವೆ. ಒಂದು ಬಯೂ ತುಂಬಿ ಹರಿಯುವಾಗ ಇನ್ನೊಂದು ಅರ್ಧ ಖಾಲಿ ಇರಬಹುದು.

ಮಕ್ಕಳಿಗೆ ತಮ್ಮ ಬಯೂ ಯಾವುದು ಅಂತ ಗೊತ್ತಿಲ್ಲದೇ ಇರಬಹುದು. ಕೇಳಿ ನೋಡಿ. ಗೊತ್ತಿಲ್ಲ ಅಂದರೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂತು ನಕ್ಷೆಯಲ್ಲಿ ಹುಡುಕಿ. ಅವರಿಗೂ ಒಳ್ಳೆಯದು.

2. ಗಡಿಯಾರ ಸರಿ ಮಾಡಿಕೊಳ್ಳಿ

ಹರಿಕೇನ್ ಕಾಲದ ಬಹುಭಾಗ ಹ್ಯೂಸ್ಟನ್ ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುತ್ತದೆ. ನವೆಂಬರ್ ಮೊದಲ ಭಾನುವಾರದಿಂದ ಹನ್ನೊಂದೂವರೆ ಗಂಟೆ.

ಚಂಡಮಾರುತದ ಅಧಿಕೃತ ಪ್ರಕಟಣೆ ಹೊರಡಿಸುವುದು ಮಯಾಮಿಯಲ್ಲಿರುವ ನ್ಯಾಷನಲ್ ಹರಿಕೇನ್ ಸೆಂಟರ್. ದಿನಕ್ಕೆ ನಾಲ್ಕು ಸಲ ಪೂರ್ಣ ಪ್ರಕಟಣೆ ಬರುತ್ತದೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:30, ಮಧ್ಯಾಹ್ನ 2:30, ರಾತ್ರಿ 8:30, ನಡುರಾತ್ರಿ ಕಳೆದು 2:30. ಕರಾವಳಿಗೆ ಎಚ್ಚರಿಕೆ ಜಾರಿಯಾದ ಮೇಲೆ ನಡುವೆಯೂ ಒಂದೊಂದು ಸಣ್ಣ ಪ್ರಕಟಣೆ ಸೇರಿ ಮೂರು ಗಂಟೆಗೊಮ್ಮೆ ಆಗುತ್ತದೆ. ಇದನ್ನು ಬಿಟ್ಟು ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ತಿಕ್ಕಿದರೆ ಹೊಸದೇನೂ ಸಿಗುವುದಿಲ್ಲ. ಹಳೆಯ ಸುದ್ದಿಯೇ ಹೊಸ ಹೆಡ್‌ಲೈನ್ ಹಾಕಿಕೊಂಡು ಬರುತ್ತದೆ. ನಿದ್ದೆಗೆಡುವುದೇ ಆದರೆ 2:30ಕ್ಕೆ ಅಲಾರಂ ಇಟ್ಟು ಅಲ್ಲಿಯತನಕ ಮಲಗಿ.

ಎಚ್ಚರ ಇರಬೇಕಾದ್ದು ದಿನಗಳ ಬಗ್ಗೆ. ‘ಭಾನುವಾರ ರಾತ್ರಿ ಭಾರಿ ಮಳೆ’ ಅಂತ ಅಲ್ಲಿಯವರು ಹೇಳಿದರೆ ಅದು ನಮಗೆ ಸೋಮವಾರ ಬೆಳಿಗ್ಗೆ. ನಕ್ಷೆಗಳಲ್ಲಿ ಸಮಯದ ಪಕ್ಕ ‘ಝಡ್’ ಅಕ್ಷರ ಇದ್ದರೆ ಅದು ಗ್ರೀನಿಚ್ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ.

3. ಪ್ರಕಟಣೆಯ ಮೂರು ಪದಗಳನ್ನು ತಪ್ಪು ತಿಳಿಯಬೇಡಿ

ಕೋನ್: ನಕ್ಷೆಯಲ್ಲಿ ಬಿಳಿ ಶಂಕುವಿನ ಆಕಾರ ಕಾಣುತ್ತದೆ. ಚಂಡಮಾರುತದ ನಡುಭಾಗ ಎಲ್ಲೆಲ್ಲಿ ಹಾದುಹೋಗಬಹುದು ಅನ್ನುವ ಅಂದಾಜು ಅದು. ಚಂಡಮಾರುತದ ಗಾತ್ರ ಅದಲ್ಲ. ಮೂರರಲ್ಲಿ ಒಂದು ಸಲ ನಡುಭಾಗವೇ ಕೋನಿನ ಹೊರಗೆ ಹೋಗುತ್ತದೆ. ಮಳೆಯಂತೂ ಅದರಾಚೆ ನೂರಾರು ಕಿಲೋಮೀಟರ್ ದೂರಕ್ಕೂ ಬೀಳುತ್ತದೆ. ‘ನಮ್ಮ ಹುಡುಗರ ಊರು ಕೋನ್‌ನಲ್ಲಿಲ್ಲ’ ಅಂತ ನಿರಾಳವಾಗಬೇಡಿ.

ಕೆಟಗರಿ: 1ರಿಂದ 5ರವರೆಗಿನ ಈ ಸಂಖ್ಯೆ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ಮಳೆಯ ಬಗ್ಗೆ ಏನೂ ಹೇಳುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 2001ರ ಜೂನ್‌ನಲ್ಲಿ ಹ್ಯೂಸ್ಟನ್ನನ್ನು ಮುಳುಗಿಸಿದ ಆ್ಯಲಿಸನ್ ಅನ್ನುವ ಚಂಡಮಾರುತ ಹರಿಕೇನ್ ಮಟ್ಟಕ್ಕೆ ಏರಿರಲೇ ಇಲ್ಲ. ಆದರೂ ಅಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ನೀರು ನುಗ್ಗಿತು. 2019ರ ಇಮೆಲ್ಡಾ ಕೂಡ ಹಾಗೇ. ಹಾರ್ವೆ 2017ರ ಆಗಸ್ಟ್ 25ರ ರಾತ್ರಿ ರಾಕ್‌ಪೋರ್ಟ್ ಹತ್ತಿರ ದಡ ಮುಟ್ಟಿದಾಗ ಕೆಟಗರಿ 4. ಹ್ಯೂಸ್ಟನ್ ಅಲ್ಲಿಂದ ಬಹಳ ದೂರ. ಮುಂದಿನ ದಿನಗಳಲ್ಲಿ ಅದರ ಗಾಳಿ ಕುಗ್ಗಿತು, ಕೆಟಗರಿ ಇಳಿಯಿತು. ಆದರೆ ಅದು ಮುಂದೆ ಹೋಗದೆ ಅಲ್ಲೇ ಸುತ್ತುತ್ತ ಮಳೆ ಸುರಿಸಿತು. ನೆದರ್‌ಲ್ಯಾಂಡ್ ಅನ್ನುವ ಟೆಕ್ಸಸ್ ಊರಿನಲ್ಲಿ 60.58 ಇಂಚು ದಾಖಲಾಯಿತು. ಅಂದರೆ 1,500 ಮಿಲಿಮೀಟರಿಗೂ ಹೆಚ್ಚು. ಬೆಂಗಳೂರಿನ ಇಡೀ ವರ್ಷದ ಸರಾಸರಿ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಹಾಗಾಗಿ ಕೆಟಗರಿಗಿಂತ ಮೊದಲು ನೋಡಬೇಕಾದ್ದು ಚಂಡಮಾರುತ ಎಷ್ಟು ವೇಗವಾಗಿ ಮುಂದೆ ಸಾಗುತ್ತಿದೆ ಎಂಬುದನ್ನು. ನಿಧಾನವಾದಷ್ಟೂ ಮಳೆ ಜಾಸ್ತಿ. ಪ್ರಕಟಣೆಯಲ್ಲಿ ಈ ವೇಗವೂ ಇರುತ್ತದೆ, ಎಷ್ಟು ಇಂಚು ಮಳೆ ಬೀಳಬಹುದು ಅನ್ನುವುದೂ ಇರುತ್ತದೆ.

ವಾಚ್ ಮತ್ತು ವಾರ್ನಿಂಗ್: ಕನ್ನಡಕ್ಕೆ ಬರುವಾಗ ಎರಡೂ ‘ಎಚ್ಚರಿಕೆ’ ಆಗಿಬಿಡುತ್ತವೆ. ವಾಚ್ ಅಂದರೆ ಆಗುವ ಸಾಧ್ಯತೆ ಇದೆ, ತಯಾರಾಗಿ ಅಂತ. ವಾರ್ನಿಂಗ್ ಅಂದರೆ ಬರುವುದು ಬಹುತೇಕ ಖಚಿತ, ಅಥವಾ ಬಂದೇಬಿಟ್ಟಿದೆ. ಹಠಾತ್ ಪ್ರವಾಹಕ್ಕೆ ಫ್ಲ್ಯಾಶ್ ಫ್ಲಡ್ ವಾರ್ನಿಂಗ್ ಕೊಡುತ್ತಾರೆ. ಅದಕ್ಕೂ ಮೇಲಿನದು ಫ್ಲ್ಯಾಶ್ ಫ್ಲಡ್ ಎಮರ್ಜೆನ್ಸಿ. ಆ ಪದ ಅಪರೂಪಕ್ಕೆ ಬಳಸುತ್ತಾರೆ. ಮಕ್ಕಳ ಜಾಗಕ್ಕೆ ಅದು ಬಂದಿದ್ದರೆ ವಿಷಯ ನಿಜಕ್ಕೂ ಗಂಭೀರ.

4. ಬಯೂ ಗೇಜ್ ನೋಡುವುದು ಕಲಿಯಿರಿ

ಒಂದೇ ಹಂತ ಕಲಿಯಲು ಸಮಯ ಇದೆ ಅಂದರೆ ಇದನ್ನು ಕಲಿಯಿರಿ.

ಗೇಜ್ ಅಂದರೆ ನೀರಿನ ಮಟ್ಟ ಅಳೆಯುವ ಉಪಕರಣ. ಹ್ಯಾರಿಸ್ ಕೌಂಟಿಯವರು ಬಯೂಗಳ ಮೇಲಿನ ಸೇತುವೆಗಳ ಹತ್ತಿರ ಇವನ್ನು ಕೂರಿಸಿದ್ದಾರೆ. ಎಲ್ಲದರ ಲೆಕ್ಕವೂ ಹ್ಯಾರಿಸ್ ಕೌಂಟಿ ಫ್ಲಡ್ ವಾರ್ನಿಂಗ್ ಸಿಸ್ಟಮ್ ಅನ್ನುವ ವೆಬ್‌ಸೈಟಿನಲ್ಲಿ ಆಗಿಂದಾಗ್ಗೆ ಬರುತ್ತದೆ. ಹಣ ಕೊಡಬೇಕಿಲ್ಲ, ಇಂಡಿಯಾದಿಂದಲೂ ನೋಡಬಹುದು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ.

ನಕ್ಷೆ ತೆರೆಯುತ್ತದೆ. ಅದರಲ್ಲಿ ಮಕ್ಕಳ ವಿಳಾಸ ಹುಡುಕಿ, ಹತ್ತಿರದ ಗೇಜ್ ಮೇಲೆ ಒತ್ತಿ. ಎರಡು ವಿಷಯ ಸಿಗುತ್ತವೆ. ಒಂದು, ಅಲ್ಲಿ ಎಷ್ಟು ಇಂಚು ಮಳೆ ಬಿದ್ದಿದೆ. ಎರಡು, ಬಯೂವಿನ ನೀರು ಎಷ್ಟು ಅಡಿಯಲ್ಲಿದೆ. ಜೊತೆಗೆ ‘ಟಾಪ್ ಆಫ್ ಬ್ಯಾಂಕ್’ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಅದು ದಡದ ಮಟ್ಟ. ನೀರು ಆ ಅಂಕಿಯನ್ನು ದಾಟಿದರೆ ಬಯೂ ಉಕ್ಕಿದೆ ಅಂತ ಅರ್ಥ.

ಇಲ್ಲೊಂದು ದೊಡ್ಡ ಗೊಂದಲ ಇದೆ. ಗೇಜ್ ತೋರಿಸುವ ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ನೀರಿನ ಆಳವಲ್ಲ. ‘60 ಅಡಿ’ ಅಂತ ಕಂಡರೆ 60 ಅಡಿ ನೀರು ನಿಂತಿದೆ ಅಂತ ಎದೆ ಒಡೆದುಕೊಳ್ಳಬೇಡಿ. ಆ ಅಂಕಿಯನ್ನು ದಡದ ಅಂಕಿಯ ಜೊತೆ ಹೋಲಿಸಿ. ದಡ 68 ಅಡಿ ಅಂತಿದ್ದು ನೀರು 60ರಲ್ಲಿದ್ದರೆ ಇನ್ನೂ ಎಂಟು ಅಡಿ ಜಾಗ ಇದೆ. ಕೆಆರ್‌ಎಸ್‌ನ 124.80 ಅಡಿ ಗೊತ್ತಿರುವ ನಮಗೆ ಇದು ಕಷ್ಟದ ಲೆಕ್ಕವಲ್ಲ.

ಒಂದು ಸಲದ ಅಂಕಿ ನೋಡಿ ಸುಮ್ಮನಾಗಬೇಡಿ. ಗಂಟೆಗೊಮ್ಮೆ ಬರೆದುಕೊಳ್ಳಿ, ಅಥವಾ ಅಲ್ಲೇ ಇರುವ ಗ್ರಾಫ್ ನೋಡಿ. ಗೆರೆ ನೆಟ್ಟಗೆ ಏರುತ್ತಿದೆಯಾ, ಮಟ್ಟವಾಗಿದೆಯಾ, ಬಾಗಿದೆಯಾ? ಮೇಲ್ಭಾಗದ, ಅಂದರೆ ನೀರು ಬರುವ ಕಡೆಯ ಇನ್ನೊಂದು ಗೇಜ್ ಕೂಡ ನೋಡಿ. ಅಲ್ಲಿ ಇನ್ನೂ ಏರುತ್ತಿದ್ದರೆ ಆ ನೀರು ಕೆಲವು ಗಂಟೆಗಳಲ್ಲಿ ಮಕ್ಕಳ ಕಡೆ ಬರುತ್ತದೆ. ಹಾರ್ವೆ ಸಮಯದ ಹಳೆಯ ಮಟ್ಟವನ್ನೂ ಸೈಟಿನಲ್ಲಿ ಹುಡುಕಿಟ್ಟುಕೊಳ್ಳಿ. ಆ ಸಲ ಮನೆಗೆ ನೀರು ಬಂದಿತ್ತಾ ಅಂತ ಮಕ್ಕಳನ್ನೋ ಅವರ ಪಕ್ಕದವರನ್ನೋ ಕೇಳಿ. ಆಗ ನಿಮಗೆ ಹೋಲಿಸಲು ಒಂದು ಗುರುತು ಸಿಗುತ್ತದೆ.

ಎರಡು ಮಿತಿಗಳು. ಬಯೂ ದಡದೊಳಗೇ ಇದ್ದರೂ ಬೀದಿಯಲ್ಲಿ ನೀರು ನಿಲ್ಲಬಹುದು. ಚರಂಡಿ ತುಂಬಿದಾಗ ಹೆಚ್ಚಿನ ನೀರನ್ನು ರಸ್ತೆಯೇ ಹಿಡಿದಿಟ್ಟುಕೊಳ್ಳುವ ಹಾಗೆ ಆ ಊರನ್ನು ಕಟ್ಟಿದ್ದಾರೆ. ಮನೆ ಉಳಿಯಲಿ, ರಸ್ತೆ ಮುಳುಗಲಿ ಅನ್ನುವ ಲೆಕ್ಕಾಚಾರ ಅದು. ಇನ್ನೊಂದು, ಭಾರಿ ಪ್ರವಾಹದಲ್ಲಿ ಗೇಜೇ ಕೆಟ್ಟು ನಿಲ್ಲಬಹುದು. ಅಂಕಿ ಗಂಟೆಗಟ್ಟಲೆ ಒಂದು ಕೂದಲೂ ಅಲುಗದಿದ್ದರೆ ಕೊನೆಯ ಸಲ ಯಾವಾಗ ಲೆಕ್ಕ ಬಂದಿದೆ ಅಂತ ಸಮಯ ನೋಡಿ.

5. ಕೇಟಿ ಮತ್ತು ಶುಗರ್‌ಲ್ಯಾಂಡ್‌ನವರು ಇದನ್ನು ಬಿಡಬೇಡಿ

ಹ್ಯೂಸ್ಟನ್‌ನ ಪಶ್ಚಿಮಕ್ಕೆ ಆಡಿಕ್ಸ್ ಮತ್ತು ಬಾರ್ಕರ್ ಅಂತ ಎರಡು ಜಲಾಶಯಗಳಿವೆ. 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದ್ದು. ಮಾಮೂಲಿ ದಿನಗಳಲ್ಲಿ ಅವು ಖಾಲಿ. ಒಳಗೆ ಪಾರ್ಕು, ಆಟದ ಮೈದಾನಗಳಿವೆ. ಜೋರು ಮಳೆ ಬಂದಾಗ ನೀರನ್ನು ತಡೆದು, ಆಮೇಲೆ ಬಫಲೋ ಬಯೂಗೆ ನಿಧಾನವಾಗಿ ಬಿಡುವುದು ಅವುಗಳ ಕೆಲಸ.

ಹಾರ್ವೆ ಸಮಯದಲ್ಲಿ ಅವು ಹಿಂದೆಂದೂ ಇಲ್ಲದಷ್ಟು ತುಂಬಿದವು. ಆಗಸ್ಟ್ 28ರ ನಸುಕಿನಲ್ಲಿ ಗೇಟು ತೆರೆದು ನೀರು ಬಿಡಲು ಶುರು ಮಾಡಿದರು. ಹೊರಹರಿವು ಮುಂದೆ 13,000 ಕ್ಯುಸೆಕ್ ದಾಟಿತು. ಕಟ್ಟೆಯ ಕೆಳಗಿನ ಬಡಾವಣೆಗಳಿಗೆ ಬಿಟ್ಟ ನೀರು ನುಗ್ಗಿತು. ಕಟ್ಟೆಯ ಹಿಂದೆ, ಕೇಟಿ ಕಡೆಯ ಬಡಾವಣೆಗಳಿಗೆ ತುಂಬಿದ ನೀರು ಹಿಂದಕ್ಕೆ ಒತ್ತಿ ನುಗ್ಗಿತು. ಮಳೆ ನಿಂತು ಬಿಸಿಲು ಬಂದ ಮೇಲೂ ಎಷ್ಟೋ ಮನೆಗಳಲ್ಲಿ ನೀರು ಹಾಗೇ ಇತ್ತು.

ಆದ್ದರಿಂದ ಪಶ್ಚಿಮ ಭಾಗದವರು ಒಂದು ಪ್ರಶ್ನೆಗೆ ಈಗಲೇ ಉತ್ತರ ಬರೆದಿಡಿ. ಮನೆ ಕಟ್ಟೆಯ ಹಿಂದಿದೆಯಾ, ಮುಂದೆ ಅಂದರೆ ನೀರು ಬಿಡುವ ಕಡೆ ಇದೆಯಾ? ಹಿಂದಿದ್ದರೆ ಜಲಾಶಯದ ಮಟ್ಟ ನೋಡಿ. ಮುಂದಿದ್ದರೆ ಹೊರಹರಿವು ನೋಡಿ.

ಶುಗರ್‌ಲ್ಯಾಂಡ್ ಕಡೆಯವರಿಗೆ ಬ್ರೇಸೋಸ್ ನದಿ ಮುಖ್ಯ. ಅದು ಟೆಕ್ಸಸ್‌ನ ಒಳನಾಡಿನಿಂದ ಹರಿದು ಬರುವ ಉದ್ದದ ನದಿ. ಮೇಲಿನ ನೀರು ಕೆಳಗೆ ಮುಟ್ಟಲು ದಿನಗಳೇ ಬೇಕು. 2017ರಲ್ಲಿ ಹ್ಯೂಸ್ಟನ್‌ನ ಮಳೆ ನಿಂತ ಮೇಲೂ ಶುಗರ್‌ಲ್ಯಾಂಡ್ ಪಕ್ಕದ ರಿಚ್ಮಂಡ್ ಊರಿನ ಹತ್ತಿರ ನದಿ ಏರುತ್ತಲೇ ಇತ್ತು. ಅಮೆರಿಕದ ಹವಾಮಾನ ಇಲಾಖೆಯ ನ್ಯಾಷನಲ್ ವಾಟರ್ ಪ್ರಿಡಿಕ್ಷನ್ ಸರ್ವಿಸ್ ಪುಟದಲ್ಲಿ ರಿಚ್ಮಂಡ್ ಗೇಜ್ ಹುಡುಕಿದರೆ ಈಗಿನ ಮಟ್ಟದ ಜೊತೆ ಮುಂದಿನ ಕೆಲವು ದಿನಗಳ ಅಂದಾಜೂ ಇರುತ್ತದೆ. ಮೈನರ್, ಮಾಡರೇಟ್, ಮೇಜರ್ ಅಂತ ಪ್ರವಾಹದ ಮೂರು ಗೆರೆಗಳೂ ಕಾಣುತ್ತವೆ.

6. ಟಿವಿ, ವಾಟ್ಸ್ಆ್ಯಪ್, ವಿಡಿಯೋಗಳು

ಅಲ್ಲಿಯ ಸ್ಥಳೀಯ ಚಾನೆಲ್‌ಗಳನ್ನು ನೋಡಿ. ಅವರು ಬೀದಿಯ ಹೆಸರು ಹೇಳುತ್ತಾರೆ. ಸ್ಪೇಸ್ ಸಿಟಿ ವೆದರ್ ಅನ್ನುವ ತಾಣವನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಎರಿಕ್ ಬರ್ಗರ್ ಮತ್ತು ಮ್ಯಾಟ್ ಲಾಂಜಾ ನಡೆಸುವ ಆ ತಾಣದಲ್ಲಿ ಹೆದರಿಸುವ ಮಾತಿಲ್ಲ. ಪ್ರವಾಹಕ್ಕೆ 1ರಿಂದ 5ರವರೆಗೆ ಅವರದೇ ಒಂದು ಅಳತೆ ಇದೆ. 5 ಅಂದರೆ ಹಾರ್ವೆಯಂಥದ್ದು. ‘ಈ ಸಲ ಎಷ್ಟು?’ ಅನ್ನುವ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಸಿಗುತ್ತದೆ. ರಸ್ತೆಗಳ ಸ್ಥಿತಿಗೆ ಹ್ಯೂಸ್ಟನ್ ಟ್ರಾನ್‌ಸ್ಟಾರ್ ಅನ್ನುವ ಸರ್ಕಾರಿ ಪುಟದಲ್ಲಿ ಹೆದ್ದಾರಿ ಕ್ಯಾಮೆರಾಗಳನ್ನೇ ನೋಡಬಹುದು.

ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಮೂರು ಪ್ರಶ್ನೆ ಕೇಳದೆ ನಂಬಬೇಡಿ, ಮುಂದಕ್ಕೆ ಕಳಿಸಲೂ ಬೇಡಿ. ಯಾವ ಜಾಗ? ಯಾವ ದಿನ? ಯಾರು ತೆಗೆದದ್ದು? 2017ರಲ್ಲಿ ಹ್ಯೂಸ್ಟನ್‌ನ ಹೆದ್ದಾರಿಯಲ್ಲಿ ಶಾರ್ಕ್ ಈಜುತ್ತಿದೆ ಅನ್ನುವ ಚಿತ್ರ ಜಗತ್ತೆಲ್ಲ ಸುತ್ತಿತು. ಅದು ಕಂಪ್ಯೂಟರಿನಲ್ಲಿ ಅಂಟಿಸಿದ್ದು. ಬೇರೆ ಚಂಡಮಾರುತಗಳ ಸಮಯದಲ್ಲೂ ಅದೇ ಚಿತ್ರ ಬಂದಿತ್ತು.

ನಿಜವಾದ ಸುದ್ದಿಯೂ ಜಾಗ ತಪ್ಪಿದರೆ ಗಾಬರಿ ಹುಟ್ಟಿಸುತ್ತದೆ. ಅದೇ ವಾರ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ಹ್ಯೂಸ್ಟನ್ ವಿಶ್ವವಿದ್ಯಾಲಯದ 200 ಭಾರತೀಯ ವಿದ್ಯಾರ್ಥಿಗಳು ಕುತ್ತಿಗೆಮಟ್ಟದ ನೀರಿನ ನಡುವೆ ಸಿಕ್ಕಿಕೊಂಡಿದ್ದಾರೆ ಅಂತ ಟ್ವೀಟ್ ಮಾಡಿದರು. ಅದು ಒಂದು ಜಾಗದ ವಿಷಯ. ನಲವತ್ತು ಕಿಲೋಮೀಟರ್ ಆಚೆ ಇದ್ದ ಮಕ್ಕಳ ಅಪ್ಪ ಅಮ್ಮಂದಿರು ಅದನ್ನು ತಮ್ಮ ಮನೆಯ ಸುದ್ದಿ ಅಂತಲೇ ಕೇಳಿಸಿಕೊಂಡರು. ನಮ್ಮ ಅಮ್ಮನೂ ಹಾಗೇ ಕೇಳಿಸಿಕೊಂಡಿದ್ದರು.

7. ಫೋನ್ ಮಾಡುವ ಮುನ್ನ

ಅಲ್ಲಿ ಕರೆಂಟ್ ಹೋಗಿರಬಹುದು. 2024ರ ಜುಲೈ 8ರಂದು ಬೆರಿಲ್ ಬಂದಾಗ ಅದು ಬರೀ ಕೆಟಗರಿ 1. ಆದರೂ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ವಿದ್ಯುತ್ ಸಂಪರ್ಕಗಳು ಕಡಿದವು. ಕೆಲವರಿಗೆ ವಾರ ಕಳೆದರೂ ಕರೆಂಟ್ ಬರಲಿಲ್ಲ. ಅಂಥ ಹೊತ್ತಿನಲ್ಲಿ ಮಗನ ಫೋನಿನ ಬ್ಯಾಟರಿಯೇ ಅವನ ಆಸ್ತಿ. ನೀವು, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಸರದಿಯಲ್ಲಿ ವಿಡಿಯೋ ಕಾಲ್ ಮಾಡಿದರೆ ಅದು ಖಾಲಿ.

ಮನೆಯವರೆಲ್ಲ ಸೇರಿ ಒಬ್ಬರನ್ನು ಗೊತ್ತು ಮಾಡಿ. ಅಲ್ಲಿಂದ ಸುದ್ದಿ ಅವರೊಬ್ಬರಿಗೇ ಬರಲಿ, ಉಳಿದವರಿಗೆ ಅವರು ಹೇಳಲಿ. ದಿನಕ್ಕೆ ಎರಡು ಹೊತ್ತು ನಿಗದಿ ಮಾಡಿ. ಕಾಲ್ ಬದಲು ಮೆಸೇಜ್ ಇರಲಿ. ನೆಟ್‌ವರ್ಕ್ ದುರ್ಬಲವಾದಾಗ ಕಾಲ್ ಸಿಗದಿದ್ದರೂ ಮೆಸೇಜ್ ಹೋಗುತ್ತದೆ. ‘ಚೆನ್ನಾಗಿದ್ದೀವಿ, ಮನೆಯಲ್ಲೇ, ನೀರಿಲ್ಲ, ಬ್ಯಾಟರಿ 60’ ಇಷ್ಟು ಬಂದರೆ ಸಾಕಲ್ವಾ? ಒಂದು ಹೊತ್ತಿನ ಮೆಸೇಜ್ ತಪ್ಪಿದರೆ ಗೇಜ್ ನೋಡಿ. ಎರಡು ಹೊತ್ತು ತಪ್ಪಿದರೆ ಕಾಗದದಲ್ಲಿ ಬರೆದ ಸ್ನೇಹಿತರನ್ನು ಕೇಳಿ.

ಕಾರು ತೆಗೆದು ಹೊರಡಿ ಅಂತ ಇಲ್ಲಿಂದ ಒತ್ತಾಯ ಮಾಡಬೇಡಿ. ಪ್ರವಾಹದಲ್ಲಿ ಬಹಳ ಜನ ಸಾಯುವುದು ಕಾರಿನಲ್ಲೇ. ರಸ್ತೆಯ ಮೇಲೆ ಎರಡು ಅಡಿ ನೀರು ಹರಿದರೆ ಹೆಚ್ಚಿನ ಕಾರುಗಳು ತೇಲಿಹೋಗುತ್ತವೆ. ಹೊರಡಬೇಕಾ ಬೇಡವಾ ಅನ್ನುವುದನ್ನು ಅಲ್ಲಿಯ ಅಧಿಕಾರಿಗಳ ಮಾತು ಕೇಳಿ ಮಕ್ಕಳೇ ತೀರ್ಮಾನಿಸಲಿ.

ನಿಜಕ್ಕೂ ಸಿಕ್ಕಿಕೊಂಡಿದ್ದಾರೆ ಅಂತ ಗೊತ್ತಾದರೆ: ಅಲ್ಲಿಯ ತುರ್ತು ನಂಬರ್ 911 ಇಂಡಿಯಾದಿಂದ ಡಯಲ್ ಮಾಡಿದರೆ ಅಲ್ಲಿಗೆ ಹೋಗುವುದಿಲ್ಲ. ಹ್ಯೂಸ್ಟನ್‌ನಲ್ಲಿರುವ ಸ್ನೇಹಿತರಿಗೆ ಕಾಲ್ ಮಾಡಿ, ಅವರಿಂದ 911ಕ್ಕೆ ಹೇಳಿಸಿ. ಪೂರ್ತಿ ವಿಳಾಸ, ಮಹಡಿ, ಎಷ್ಟು ಜನ, ಮಕ್ಕಳು ವಯಸ್ಸಾದವರು ಇದ್ದಾರಾ, ಔಷಧಿ ಬೇಕಾ ಇಷ್ಟನ್ನೂ ಬರೆದು ಕಳಿಸಿ. ಭಾರತದ ಕಾನ್ಸುಲೇಟ್ ಹ್ಯೂಸ್ಟನ್‌ನಲ್ಲೇ ಇದೆ. ಅದರ ತುರ್ತು ನಂಬರನ್ನು ಅವರ ಅಧಿಕೃತ ಪುಟದಿಂದ ಮುಂಚೆಯೇ ಬರೆದಿಡಿ. ನೀರು ಮನೆಯೊಳಗೆ ಏರುತ್ತಿದ್ದರೆ ಕಿಟಕಿಯಿಲ್ಲದ ಅಟ್ಟಕ್ಕೆ ಹತ್ತಬಾರದು, ಚಾವಣಿಯ ಮೇಲೆ ಹೋಗಬೇಕು ಅಂತ 2017ರಲ್ಲಿ ಅಧಿಕಾರಿಗಳು ಹೇಳಿದ್ದರು. ಅಟ್ಟದಲ್ಲಿ ಸಿಕ್ಕಿಬಿದ್ದರೆ ಹೊರಬರಲು ದಾರಿ ಇರುವುದಿಲ್ಲ.

ಸಹಾಯ ಕೇಳಿ ವಿಳಾಸವನ್ನು ಗುಂಪುಗಳಲ್ಲಿ ಹಾಕಿದ್ದರೆ, ಅವರು ಸುರಕ್ಷಿತ ಅಂತ ತಿಳಿದ ಕೂಡಲೇ ಅಳಿಸಿ. ಇಲ್ಲವಾದರೆ ಖಾಲಿ ಮನೆಗೆ ದೋಣಿ ಹೋಗುತ್ತದೆ.

8. ಮಳೆ ನಿಂತ ಮೇಲೆ

ಟಿವಿಯವರು ಬೇರೆ ಸುದ್ದಿಗೆ ಹೋಗುತ್ತಾರೆ. ನೀವು ಇನ್ನೊಂದು ವಾರ ಗೇಜ್ ನೋಡುತ್ತಿರಿ. ಕರೆಂಟ್ ಇಲ್ಲದ ಮನೆಯಲ್ಲಿ ಜನರೇಟರ್ ಹಾಕಿದ್ದರೆ ಅದು ಎಲ್ಲಿದೆ ಅಂತ ಕೇಳಿ. ಮನೆಯೊಳಗೆ, ಗ್ಯಾರೇಜಿನಲ್ಲಿ, ಕಿಟಕಿ ಪಕ್ಕ ಇಡಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಮನೆಗೆ ನೀರು ಬಂದಿದ್ದರೆ ಏನನ್ನೂ ಎಸೆಯುವ ಮುನ್ನ ಪ್ರತಿಯೊಂದರ ಫೋಟೋ ತೆಗೆಯಲು ಹೇಳಿ. ಗೋಡೆಯ ಮೇಲೆ ನೀರಿನ ಗುರುತು ಎಲ್ಲಿಯವರೆಗೆ ಇದೆ ಅನ್ನುವುದೂ ಫೋಟೋದಲ್ಲಿ ಬರಲಿ. ಅಲ್ಲಿ ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ, ಅದಕ್ಕೆ ಬೇರೆ ವಿಮೆ ಬೇಕು. ಸರ್ಕಾರಿ ಯೋಜನೆಯ ಪ್ರವಾಹ ವಿಮೆ ಸಾಮಾನ್ಯವಾಗಿ ತೆಗೆದುಕೊಂಡ 30 ದಿನಗಳ ಮೇಲೆ ಜಾರಿಗೆ ಬರುತ್ತದೆ. ಚಂಡಮಾರುತ ಮೆಕ್ಸಿಕೊ ಕೊಲ್ಲಿಯಲ್ಲಿ ಕಾಣಿಸಿಕೊಂಡ ಮೇಲೆ ಕೊಂಡರೆ ಆ ಸಲಕ್ಕೆ ಪ್ರಯೋಜನವಿಲ್ಲ. ಬಾಡಿಗೆ ಮನೆಯಲ್ಲಿರುವವರೂ ತಮ್ಮ ಸಾಮಾನಿಗೆ ಈ ವಿಮೆ ಮಾಡಿಸಬಹುದು. ಮೇ ತಿಂಗಳ ಕಾಗದದಲ್ಲಿ ವಿಳಾಸದ ಕೆಳಗೆ ಇದಕ್ಕೂ ಒಂದು ಸಾಲು ಬಿಡಿ: ಪ್ರವಾಹ ವಿಮೆ ಇದೆಯಾ, ಯಾವತ್ತಿನವರೆಗೆ?